ಕಾಲು ಸುತ್ತು ಮೊದಲು

ಕಾಪುವಿನಲ್ಲಿ ನಮ್ಮದು ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಸಾಮಾನು ಸಾಗಿಸಲು ಮಾವನ ಕಾಲದ ಲಾರಿಯೊಂದಿದೆ. ಮುಂದೆ ಉದ್ದ ಮೂತಿಯ ಆ ಜಾತಿ ಈಗ ರಸ್ತೆಯಲ್ಲಿ ಕಾಣಸಿಗುವುದಿಲ್ಲ. ಮಾವ ತೀರಿಹೋದ ಮೇಲೆ ಅದನ್ನು ಓಡಿಸುವವರು ನನ್ನ ಗಂಡ. ವಾರಕ್ಕೊಮ್ಮೆ ಅದಕ್ಕೆ ಸ್ನಾನ ಮಾಡಿಸುತ್ತಾರೆ. ನನ್ನ ಸೀರೆ ಹೊಸದೋ ಹಳೆಯದೋ ಎಂಬುದು ಅವರಿಗೆ ಈವರೆಗೆ ಗೊತ್ತಾದದ್ದಿಲ್ಲ.

ಆ ಲಾರಿಯ ಸ್ಟೇರಿಂಗ್ ಸವೆದುಹೋಗಿತ್ತು. ಕಾಲು ಸುತ್ತು ತಿರುಗಿಸುವ ತನಕ ಕೆಳಗಿನ ಚಕ್ರಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಗ್ಯಾರೇಜಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಪಕ್ಕದಲ್ಲಿ ಕೂತಾಗಲೆಲ್ಲ ನೋಡುತ್ತಿದ್ದೆ. ತಿರುವು ಇನ್ನೂ ದೂರ ಇರುವಾಗಲೇ ಇವರ ಕೈ ತಿರುಗಲು ಶುರುವಾಗುತ್ತಿತ್ತು, ಲಾರಿ ಮಾತ್ರ ನೇರ ಹೋಗುತ್ತಿತ್ತು. ತಿರುವು ಬಂದಾಗ ಸರಿಯಾಗಿ ಹೊರಳುತ್ತಿತ್ತು. ನೇರ ದಾರಿಯಲ್ಲೂ ಕೈಗೆ ಬಿಡುವಿಲ್ಲ, ಮೊಸರು ಕಡೆದ ಹಾಗೆ ಅತ್ತ ಇತ್ತ ಆಡಿಸುತ್ತಲೇ ಇರಬೇಕು. ಹೊಸ ಸಾಮಾನು ಹಾಕಿಸಿ ಎಂದರೆ, ಇದು ಮೊದಲಿನಿಂದಲೂ ಹೀಗೇ ಎಂಬ ಒಂದೇ ಉತ್ತರ.

ನಾನು ಮಣಿಪಾಲದಲ್ಲಿ ಕಚೇರಿ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಕೂತು ಟೈಪ್ ಮಾಡುವಾಗಲೂ ನನ್ನ ತಲೆಯೊಳಗೆ ಹೆದ್ದಾರಿಯೇ ಓಡುತ್ತಿತ್ತು. ಹಿಂದಿನಿಂದ ಹಾರ್ನ್ ಹೊಡೆಯುತ್ತ ಬರುವ ಎಕ್ಸ್‌ಪ್ರೆಸ್ ಬಸ್ಸು, ನಡುವೆ ಈ ಲಾರಿ, ಒಳಗೆ ಇವರು. ಇವರು ಫೋನ್ ಎತ್ತದಿದ್ದರೆ ಎತ್ತುವವರೆಗೆ ಮತ್ತೆ ಮತ್ತೆ ಮಾಡುತ್ತಿದ್ದೆ. ಎತ್ತಿದರೆ, ಗಾಡಿ ಓಡಿಸುವಾಗ ಯಾಕೆ ಎತ್ತಿದಿರಿ ಎಂದು ಬೈಯುತ್ತಿದ್ದೆ.

ಕಳೆದ ಮದುವೆ ಸೀಸನ್ನಿಗೆ ಮೊದಲು ಸಹನೆ ಮುಗಿಯಿತು. ಸ್ಟೇರಿಂಗ್ ಸರಿಯಾಗದೆ ಲಾರಿ ಹೊರಟರೆ ನಾನು ತವರಿಗೆ ಹೊರಡುತ್ತೇನೆ ಎಂದೆ. ಹಾಗಾದರೆ ಸಾಮಾನು ನೀನೇ ಹುಡುಕು ಎಂದರು. ಸಿಗಲಿಕ್ಕಿಲ್ಲ ಎಂಬ ಧೈರ್ಯ ಅವರಿಗೆ.

ಹುಡುಕಿದೆ. ಲಾರಿಯ ಕೆಳಗೆ ತೂರಿ ಸ್ಟೇರಿಂಗ್ ಬಾಕ್ಸಿನ ಫೋಟೋ ತೆಗೆದುಕೊಂಡು, ರಜೆ ಹಾಕಿ, ಉಡುಪಿಯ ಬಿಡಿಭಾಗದ ಅಂಗಡಿಗಳನ್ನು ಹತ್ತಿ ಇಳಿದೆ. ಒಬ್ಬರು ಫೋಟೋವನ್ನು ಹಿಗ್ಗಿಸಿ ನೋಡಿ, ಇದನ್ನು ನೋಡದೆ ಎಷ್ಟು ವರ್ಷವಾಯಿತು ಎಂದು ಪಕ್ಕದವರನ್ನೂ ಕರೆದು ತೋರಿಸಿದರು. ಅಂಬಲಪಾಡಿಯ ಒಂದು ಗ್ಯಾರೇಜಿನಲ್ಲಿ ಬೇರೆ ಮಾಡೆಲಿನ ಬಾಕ್ಸು ಸಿಕ್ಕಿತು. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ವೆಲ್ಡಿಂಗ್ ಮಾಡಿ ಕೂರಿಸೋಣ ಎಂದ ಮೆಕ್ಯಾನಿಕನನ್ನು ನಾನು ನೋಡಿದ ರೀತಿಗೆ ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಕಾರ್ಕಳದ ಗುಜರಿಯೊಂದರಲ್ಲಿ ಅಂಥದೇ ಮೂತಿ ಕಾಣಿಸಿತು. ಕಲ್ಲುಕೋರೆಯಲ್ಲಿ ಬೆನ್ನ ಮೇಲೆ ಕಂಪ್ರೆಸರ್ ಹೊತ್ತು ನಿಂತಲ್ಲೇ ನಿಂತಿದ್ದ ಲಾರಿಯಂತೆ. ಟಯರುಗಳಿಲ್ಲ, ಕಿಟಕಿಯಿಂದ ಬಳ್ಳಿ ಒಳಗೆ ಹೋಗಿತ್ತು. ಓಡಿದ್ದೇ ಕಡಿಮೆಯಾದ್ದರಿಂದ ಸ್ಟೇರಿಂಗ್ ಹೆಚ್ಚು ಸವೆದಿರಲಿಲ್ಲ. ನಾನು ಹಿಡಿದು ತಿರುಗಿಸಿದೆ. ಬೆರಳಷ್ಟು ತಿರುಗಿಸಿದರೂ ಕೆಳಗೆ ಚಕ್ರಕ್ಕೆ ಹೋಗುವ ಸರಳು ಅಲುಗಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಗುಜರಿಯಲ್ಲಿ ಅಳುವ ಹೆಂಗಸನ್ನು ಅಲ್ಲಿಯವರು ಮೊದಲ ಸಲ ನೋಡಿರಬೇಕು.

ನನ್ನ ಹಟಕ್ಕೆ ನಮ್ಮ ಲಾರಿಯನ್ನು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆದು ಕಾರ್ಕಳಕ್ಕೆ ತಂದರು. ಅಲ್ಲಿನ ಗ್ಯಾರೇಜಿನಲ್ಲಿ ಬಾಕ್ಸನ್ನೂ ಅದರ ಸರಳುಗಳನ್ನೂ ಕೂರಿಸಿದರು. ಮೆಕ್ಯಾನಿಕ್ ತಾನೇ ಅಂಗಳದಲ್ಲಿ ಓಡಿಸಿ ನೋಡಿ, ಈಗ ಕಾರಿನ ಹಾಗೆ ಹೋಗುತ್ತದೆ ಎಂದ. ಎಷ್ಟೋ ವರ್ಷಗಳ ನಂತರ ನಾನು ಹಗುರವಾಗಿ ಇವರ ಪಕ್ಕ ಹತ್ತಿ ಕೂತೆ.

ಬೆಳ್ಮಣ್ ಕಡೆಯ ರಸ್ತೆ ಹಿಡಿದೆವು. ಮೊದಲ ಎಡ ತಿರುವು ದೂರದಲ್ಲಿ ಕಂಡದ್ದೇ ಇವರ ಕೈ ಎಂದಿನಂತೆ ತಿರುಗಿತು. ಲಾರಿ ಆಗಲೇ ತಿರುಗಿಬಿಟ್ಟಿತು! ಎದುರಿಗೆ ಚರಂಡಿ. ಗಾಬರಿಯಲ್ಲಿ ಬಲಕ್ಕೆ ಎಳೆದರು, ಅದೂ ಹೆಚ್ಚಾಯಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಅದರ ಡ್ರೈವರನ ಬಾಯಿ ತೆರೆದದ್ದು ನನಗೆ ಕಂಡಿತು. ಮತ್ತೆ ಎಡಕ್ಕೆ ಎಳೆದು ಬ್ರೇಕ್ ತುಳಿದರು. ಬಸ್ಸು ಕನ್ನಡಿಯ ಪಕ್ಕದಲ್ಲೇ ಸವರಿಕೊಂಡು ಹೋಯಿತು. ನಾವು ಡಾಮರು ಬಿಟ್ಟು ಚರಂಡಿಯ ಅಂಚಿನಲ್ಲಿ ನಿಂತಿದ್ದೆವು.

ಯಾರಿಗೂ ಏನೂ ಆಗಿರಲಿಲ್ಲ. ಇಷ್ಟು ವರ್ಷ ಲಾರಿ ಇವರನ್ನು ಕೊಲ್ಲುತ್ತದೆ ಎಂದು ಹೆದರಿದೆ, ಈಗ ನಾನು ಹುಡುಕಿ ತಂದ ಸ್ಟೇರಿಂಗೇ ಕೊಲ್ಲುತ್ತಿತ್ತಲ್ಲ ಎನಿಸಿತು. ಇವರು ಎಂಜಿನ್ ಆರಿಸಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ನೋಡುತ್ತ ಕೂತರು.

“ಕಾರು ಸರಿ ಬಿಡ್ತೀರಿ ಅಲ್ವಾ? ಇದಕ್ಕೆಂತ ಆಯ್ತು?” ಎಂದು ಕೇಳಿದೆ.

“ಕಾರು ಬೇರೆ ಮಾರಾಯ್ತಿ. ಇದರಲ್ಲಿ ಕೂತರೆ ಕೈ ಅದರಷ್ಟಕ್ಕೇ ಹೋಗುತ್ತದೆ. ಅಪ್ಪ ಕಲಿಸುವಾಗಲೇ ಪ್ಲೇ ಉಂಟು. ಮೊದಲೇ ತಿರುಗಿಸು, ಮೊದಲೇ ತಿರುಗಿಸು ಅಂತ ಕೈಗೆ ಹೊಡೆದು ಕಲಿಸಿದ್ದು. ಸ್ಟೇರಿಂಗ್ ಸರಿ ಇದ್ದರೆ ಈ ಲಾರಿ ಬಿಡಲಿಕ್ಕೆ ನನಗೆ ಗೊತ್ತೇ ಇಲ್ಲ.”

ಸ್ವಲ್ಪ ಮುಂದೆ, ಕೆಂಪು ಕಲ್ಲು ಕಡಿದು ಬಿಟ್ಟ ಬೋಳು ಮೈದಾನವೊಂದಿತ್ತು. ನಡೆದುಕೊಂಡು ಹೋಗುವವರ ವೇಗದಲ್ಲಿ ಲಾರಿಯನ್ನು ಅಲ್ಲಿಗೆ ಒಯ್ದರು. ಸಂಜೆಯವರೆಗೆ ಅಲ್ಲೇ ಸುತ್ತಿದೆವು. ಇವರ ತೋಳು ಬಿಗಿಯುವುದು ಕಂಡ ಕೂಡಲೇ ನಾನು “ಈಗಲ್ಲ” ಎನ್ನುತ್ತಿದ್ದೆ. ಕೈ ತಡೆಯುತ್ತಿತ್ತು, ಮುಂದಿನ ಸುತ್ತಿನಲ್ಲಿ ಮತ್ತೆ ಮರೆಯುತ್ತಿತ್ತು. ಆಮೇಲೂ ಹಲವು ದಿನ ಖಾಲಿ ಲಾರಿಯಲ್ಲಿ ಹೀಗೇ ಸುತ್ತಿದೆವು. ನನ್ನ ಮಾತನ್ನು ಇವರು ಇಷ್ಟು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೊದಲ ಲೋಡು ಪೆರ್ಡೂರಿನ ಮದುವೆಗೆ. ಬೇಡವೆಂದರೂ ಕೇಳದೆ ನಾನೂ ಹತ್ತಿದೆ. ಹಿಂದೆ ಕೊಪ್ಪರಿಗೆಗಳು ಒಂದಕ್ಕೊಂದು ಬಡಿಯುತ್ತಿದ್ದವು. ಮಣಿಪಾಲ ದಾಟಿದ ಮೇಲೆ ದೂರದಲ್ಲೊಂದು ತಿರುವು ಕಂಡಿತು, ಎದುರಿಗೆ ಬಸ್ಸು. ಇವರ ಕೈಯನ್ನೇ ನೋಡಿದೆ. ಅದು ಅಲುಗಲಿಲ್ಲ, ಕಾಯುತ್ತಿತ್ತು. ಮಡಿಲಲ್ಲಿದ್ದ ಚೀಲದ ಮೇಲೆ ನನ್ನ ಎರಡೂ ಕೈಗಳು ಆಗಲೇ ಕಾಲು ಸುತ್ತು ತಿರುಗಿದ್ದವು.

ಇವರು ರಸ್ತೆಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದರು, “ಈಗಲ್ಲ.”