ಸದ್ದಿಲ್ಲದ ಗಿಟಾರು

ನುಂಗಂಬಾಕ್ಕಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮೈಸೂರಿನ ಆಂಟಿ ಮೆಟಲ್ ರಾಕ್ ಹಾಡುಗಳನ್ನು ಕೇಳುತ್ತಿದ್ದುದು ಸಂಗೀತ ಕಛೇರಿ ಕೇಳುವವರ ಹಾಗೆ. ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡರೆ, "ಗಲಾಟೆ ಅಲ್ಲ ಕಣೋ, ಲೆಕ್ಕ ಅದು. ಕೇಳು," ಎನ್ನುತ್ತಿದ್ದರು.

ಒಂದು ಸಂಜೆ ಅವರ ಜೊತೆ ಕಾಲೇಜು ಮೈದಾನವೊಂದಕ್ಕೆ ರಾಕ್ ಶೋ ನೋಡಲು ಹೋದೆ. ಹುಲ್ಲಿನ ಮೇಲೂ ಆಂಟಿ ಹಾಗೇ ಕೂತರು. ಹಾಡು ತಾರಕಕ್ಕೇರಿದ್ದಾಗ ಕರೆಂಟು ಹೋಯಿತು. ಗಿಟಾರುಗಳ ಸದ್ದು ಅಡಗಿತು. ಡ್ರಮ್ಮಿನವನು ಮಾತ್ರ ಬಾರಿಸುತ್ತಲೇ ಇದ್ದ. "ಕರೆಂಟ್ ಪೋಚ್ಚುಡಾ, ವಾ ಪೋಲಾಂ," ಎಂದು ತಮಿಳಿನಲ್ಲಿ ಹೇಳುತ್ತ ಪಕ್ಕದ ಹುಡುಗರು ಹೊರಡಲು ಎದ್ದರು. ನಾನೂ ಎದ್ದೆ.

"ಕೂತ್ಕೊಳೋ. ಅವರ ಕೈ ನೋಡು," ಎಂದರು ಆಂಟಿ.

ನೋಡಿದೆ. ಇಳಿಬೆಳಕಿನಲ್ಲಿ ಗಿಟಾರಿನವರ ಬೆರಳುಗಳು ತಂತಿಗಳ ಮೇಲೆ ಅದೇ ವೇಗದಲ್ಲಿ ಓಡುತ್ತಿದ್ದವು. ನಮಗ್ಯಾರಿಗೂ ಕೇಳಿಸದ ಹಾಡನ್ನು ಅವರು ಒಂದು ಸ್ವರವನ್ನೂ ಬಿಡದೆ ನುಡಿಸುತ್ತಿದ್ದರು.

ಕರೆಂಟು ಬಂತು. ಹಾಡು ಗುಡುಗಿತು. ಗಿಟಾರುಗಳ ಪೆಟ್ಟಿಗೂ ಆಂಟಿಯ ಅಂಗೈ ತೊಡೆಗೆ ಬಿದ್ದ ಪೆಟ್ಟಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಮೈದಾನವೆಲ್ಲ ಕೂಗುತ್ತಿರುವಾಗ ಆಂಟಿಯತ್ತ ತಿರುಗಿದೆ.

ನನಗೆ ಕೈ ನೋಡೆಂದವರು ತಾವು ಕಣ್ಣೇ ಬಿಟ್ಟಿರಲಿಲ್ಲ.