ಹೊಲದಲ್ಲಿ ಹೊಡೆಯಬಾರದ ಗೂಟ

ಬಿಸಿ ತುಪ್ಪದ ವಾಸನೆ ಬಂದರೆ ಬೇರೆಯವರಿಗೆ ಹೋಳಿಗೆ ನೆನಪಾಗಬಹುದು, ನನಗೆ ಹತ್ತಿಮತ್ತೂರಿನ ನಮ್ಮ ಎರೆಹೊಲ ನೆನಪಾಗುತ್ತದೆ. ಸೀಗಿ ಹುಣ್ಣಿಮೆಗೆ ಊರವರೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಉಂಡು, ಸಂಜೆಗೆ ಮನೆ ಸೇರುತ್ತಿದ್ದರು. ನಮ್ಮ ಮನೆಯವರದು ಮಾತ್ರ ಬೇರೆ ಹುಚ್ಚು. ರೊಟ್ಟಿ ಬುಟ್ಟಿ, ಪುಂಡಿಪಲ್ಲೆಯ ಗಡಿಗೆ, ಕೌದಿಗಳ ಗಂಟು, ಅವುಗಳ ಮೇಲೆ ನಾವು ಹುಡುಗರು, ಹೀಗೆ ಇಡೀ ಸಂಸಾರವನ್ನೇ ಬಂಡಿಗೆ ಹೇರಿಕೊಂಡು ಹೋಗಿ ಎರಡು ದಿನ ಅಲ್ಲೇ ವಸ್ತಿ ಇರುತ್ತಿದ್ದೆವು. ಬೆಳಗಿನ ಜಾವ ಕೌದಿಯಿಂದ ಮುಖ ಹೊರಗಿಟ್ಟರೆ ಆಕಾಶದ ಅಂಚಿನವರೆಗೂ ಜೋಳವೇ ಜೋಳ. ಇಷ್ಟು ದೊಡ್ಡದು ನಮ್ಮದೋ, ನಾವು ಇದರವರೋ ಎಂದು ತಿಳಿಯದೆ ಸುಮ್ಮನೆ ನೋಡುತ್ತಿದ್ದೆ.

ಆ ಹುಣ್ಣಿಮೆಗೆ ಭೂಮಿತಾಯಿ ತುಂಬಿದ ಬಸುರಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅಪ್ಪನ ಅವ್ವ, ನಮ್ಮ ಆಯಿ, ಹೇಳಿದಂತೆಯೇ ನಡೆಯುತ್ತಿದ್ದಳು. ಆ ಎರಡು ದಿನ ಗುದ್ದಲಿ ಮುಟ್ಟುವಂತಿಲ್ಲ, ಒಲೆಗೆ ತಗ್ಗು ತೋಡುವಂತಿಲ್ಲ, ಗುಡಾರಕ್ಕೆ ಗೂಟ ಹೊಡೆಯುವಂತಿಲ್ಲ. ತಾಡಪತ್ರಿಯ ಒಂದು ಬದಿಯನ್ನು ಬನ್ನಿ ಗಿಡಕ್ಕೆ, ಇನ್ನೊಂದನ್ನು ಬಂಡಿಗೆ ಕಟ್ಟಿ, ಉಳಿದ ಮೂಲೆಗಳ ಮೇಲೆ ಕಲ್ಲು ಹೇರುತ್ತಿದ್ದೆವು. ಗಾಳಿ ಬಂದಾಗ ಅದು ಹಾರಿ ಅಪ್ಪನ ತಲೆಯ ಮೇಲೆ ಬೀಳುವುದೂ ಹಬ್ಬದ ಶಾಸ್ತ್ರವೇ ಆಗಿತ್ತು.

ಒಂದು ವರ್ಷ ಚಿಗವ್ವ, ನಮ್ಮ ಕಾಕಾನ ಹೆಂಡತಿ, ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಕೂಸು ಉಳಿದಿರಲಿಲ್ಲ. ಆಕೆಯನ್ನು ಹೊಲಕ್ಕೆ ಕರೆದೊಯ್ಯುವುದು ಬೇಡ ಎಂದು ಅವ್ವ ಅಂದಳು. "ಇಬ್ರೂ ಬಸರಿ ಹೆಂಗಸ್ರು ಒಂದ ಕಡೆ ಕುಂತು ಉಣ್ಲಿ ಬಿಡ," ಅಂದಳು ಆಯಿ. ಆಯಿ ಅಂದಮೇಲೆ ಮುಗಿಯಿತು. ಅದೇ ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಹೆಂಡತಿ ತೊಯ್ದಾಳೆಂಬ ಗಾಬರಿಯಲ್ಲಿ ಕಾಕಾ ಎತ್ತು ಕಟ್ಟುವ ಕಬ್ಬಿಣದ ಗೂಟ ತಂದು, ಕಲ್ಲಿನಿಂದ ಹೊಲಕ್ಕೆ ಹೊಡೆದೇಬಿಟ್ಟ. ಚಿಗವ್ವ ಹೊಟ್ಟೆ ಹಿಡಿದುಕೊಂಡಳು. "ಏನ್ ಮಾಡಿದ್ರಿ ಇದು," ಅಂದಳು, ಅಷ್ಟೇ. ಕಾಕಾನ ಕೈಯಲ್ಲಿ ಕಲ್ಲು ಹಾಗೇ ಉಳಿಯಿತು.

ಆಯಿಯ ಬೈಗುಳಕ್ಕೆ ನಾವೆಲ್ಲ ಕಾದೆವು. ಆಕೆ ಬೈಯಲಿಲ್ಲ. ಗೂಟವನ್ನು ಮೆಲ್ಲಗೆ ಅಲುಗಿಸಿ ಕಿತ್ತಳು. ಹೋಳಿಗೆಗೆಂದು ಕಾಯಿಸಿದ್ದ ತುಪ್ಪವನ್ನು ಆ ತೂತಿಗೆ ಹೊಯ್ದು, ಅರಿಶಿನ ಉದುರಿಸಿ, ಮಣ್ಣು ಮುಚ್ಚಿ, ಮೇಲೆ ಅಂಗೈ ಊರಿ ಕುಂತಳು. "ಸಣ್ಣ ಹುಡುಗ, ತಿಳೀಲಿಲ್ಲ ಅವಂಗ. ನಿನ್ನ ಕೂಸನ್ನೂ ಕಾಯಿ, ನಮ್ಮ ಕೂಸನ್ನೂ ಕಾಯಿ." ಗಿರಿಜಾ ಮೀಸೆಯ ಸಣ್ಣ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಚಿಗವ್ವ ಎದ್ದು ಬಂದು ಆಯಿಯ ಕೈಯ ಮೇಲೆ ತನ್ನ ಕೈ ಇಟ್ಟಳು. ಅಷ್ಟರಲ್ಲಿ ಮಳೆ ಬಂತು. ಅಪ್ಪ, ಅವ್ವ, ಕಾಕಾ, ನಾನು, ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಅವರಿಬ್ಬರ ಮೇಲೆ ತಾಡಪತ್ರಿ ಎತ್ತಿ ನಿಂತೆವು. ಕೈ ಸೋತರೂ ಯಾರೂ ಬಿಡಲಿಲ್ಲ. ತುಪ್ಪ, ಅರಿಶಿನ, ತೊಯ್ದ ಕರಿಮಣ್ಣು ಎಲ್ಲ ಕೂಡಿ ಒಂದು ವಾಸನೆ ಎದ್ದಿತು. ನನ್ನ ಕಾಲ ಕೆಳಗಿನ ನೆಲಕ್ಕೆ ಜೀವವಿದೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಸಂಕ್ರಾಂತಿಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಭೂಮವ್ವ ಎಂದು ಹೆಸರಿಟ್ಟರು.

ಆಯಿ ಈಗ ಇಲ್ಲ, ಚಿಗವ್ವನೂ ಇಲ್ಲ. ಈ ವರ್ಷ ಹೊಲ ಹೊಸ ರಸ್ತೆಗೆ ಹೋಯಿತು. ಸೀಗಿ ಹುಣ್ಣಿಮೆಗೆ ಭೂಮವ್ವನೂ ನಾನೂ ಹೋದಾಗ ಅಳತೆಯವರು ಕೆಂಪು ಬಣ್ಣ ಬಳಿದ ಗೂಟಗಳನ್ನು ಬದುವಿನಿಂದ ಬದುವಿಗೆ ಹೊಡೆದು ಹೋಗಿದ್ದರು. ಅವನ್ನು ಕೀಳುವಂತಿರಲಿಲ್ಲ. ಆಕೆ ಬುತ್ತಿಯ ಡಬ್ಬಿ ಬಿಚ್ಚಿ, ಒಂದೊಂದು ಗೂಟದ ಬುಡಕ್ಕೂ ತುಪ್ಪ ಹೊಯ್ಯುತ್ತ, ಅರಿಶಿನ ಉದುರಿಸುತ್ತ ನಡೆದಳು. ಅರ್ಧ ದಾರಿಯಲ್ಲಿ ನಿಂತು ತಿರುಗಿ ನೋಡಿದಳು.

"ತುಪ್ಪ ಮುಗೀತು ಅಣ್ಣಾ. ಗೂಟ ಇನ್ನೂ ಅದಾವು."

ನಾನು ಮುಂದಿನ ಗೂಟದ ಹತ್ತಿರ ಕುಂತು ಅದರ ಬುಡಕ್ಕೆ ಅಂಗೈ ಊರಿದೆ. ಮಣ್ಣು ಬೆಚ್ಚಗಿತ್ತು.