ಮೆಟ್ಟಿಲು ಕಂಡಲ್ಲಿ ಚಪ್ಪಲಿ ಬಿಟ್ಟವನು

ನೇಪಾಳ ಪರದೇಶವೇ ಅಲ್ಲ ಎಂದು ನಮ್ಮ ಕಡೆಯವರು ಇವತ್ತಿಗೂ ವಾದಿಸುತ್ತಾರೆ. ಪಾಸ್‌ಪೋರ್ಟಿಲ್ಲ, ವಿಮಾನವಿಲ್ಲ, ಗೋರಖಪುರದವರೆಗೆ ರೈಲು, ಆಮೇಲೆ ಬಸ್ಸು, ಗಡಿಯಲ್ಲಿ ಇಳಿದು ನಡೆದುಕೊಂಡು ದಾಟಿದರೆ ಅದೆಂಥ ಫಾರಿನ್ನು ಎಂಬುದು ಅವರ ತಕರಾರು. ನಾನು ವಾದಕ್ಕೆ ಹೋಗುವುದಿಲ್ಲ. ತೊಂಬತ್ತರ ದಶಕದಲ್ಲಿ, ಒಂದು ಶಿವರಾತ್ರಿ ಕಳೆದ ಮೇಲೆ, ನಾವು ಮೂವರು ಸ್ನೇಹಿತರು ಅಲ್ಲಿ ಮುಕ್ತಿನಾಥದ ಬೆಟ್ಟ ಹತ್ತಲು ಹೋಗಿದ್ದೆವು. ಹತ್ತಿದೆವು ಎಂದು ಹೇಳಿಲ್ಲ, ಗಮನಿಸಿ.

ಮೂವರೂ ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಓದುವಾಗ ಒಂದೇ ರೂಮಿನಲ್ಲಿದ್ದವರು. ಒಬ್ಬ ಬಿಂಡಿಗನವಿಲೆಯವನು, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಸಾವಿನ ಮನೆಯಲ್ಲೂ ಒಂದು ತಮಾಷೆ ಮಾಡದೆ ಎದ್ದು ಬಂದವನಲ್ಲ. ಇನ್ನೊಬ್ಬ ತೊಣ್ಣೂರಿನವನು, ಕಬ್ಬಿನ ಗದ್ದೆ, ಡೈರಿಗೆ ಹಾಲು, ಮಾತು ಕಡಿಮೆ, ಹಠ ಜಾಸ್ತಿ. ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿದ್ದ ನಾನು ಮೂರನೆಯವನು. ನಂಬಿಕೆಯ ವಿಷಯದಲ್ಲಿ ನಾನು ಒಣಕಲು ಮನುಷ್ಯ. ಹಿಮ ನೋಡಬಹುದಲ್ಲ ಎಂದು ಹೊರಟವನು.

ತೊಣ್ಣೂರಿನವನಿಗೆ ಮಾತ್ರ ಅಲ್ಲಿ ಕೆಲಸವಿತ್ತು. ಅವನ ಮಗಳು ಮೂರು ವರ್ಷ ತುಂಬಿದರೂ ಎದ್ದು ನಿಂತಿರಲಿಲ್ಲ. ಮೈಸೂರಿನ ಡಾಕ್ಟರು ಕಾದು ನೋಡೋಣ ಎಂದಿದ್ದರು. ಕಾಯುವುದು ಅವನ ಜಾಯಮಾನವಲ್ಲ. ಊರ ಗುಡಿಯ ಅರ್ಚಕರು ಸಾಲಿಗ್ರಾಮ ಹುಟ್ಟುವ ಹೊಳೆಯ ಬಗ್ಗೆ, ಅದರ ಮೇಲಿನ ದೇವರ ಬಗ್ಗೆ ಹೇಳಿದ್ದನ್ನು ಕೇಳಿ, ಕೂಸು ನಡೆದರೆ ಬರಿಗಾಲಲ್ಲಿ ಬೆಟ್ಟ ಹತ್ತಿ ಬರುತ್ತೇನೆ ಎಂದು ಹರಸಿಕೊಂಡ. ಮುಂದಿನ ವರ್ಷ ಕೂಸು ಗೋಡೆ ಹಿಡಿದು ನಿಂತಿತು, ಆಮೇಲೆ ಗೋಡೆ ಬಿಟ್ಟು ನಡೆಯಿತು. ನಮ್ಮ ಪಕ್ಕದ ಕರಿಘಟ್ಟದ ದೇವರಿಗೆ ಹರಸಿಕೊಂಡಿದ್ದರೆ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸಾಗಬಹುದಿತ್ತಲ್ಲ ಎಂದು ಬಿಂಡಿಗನವಿಲೆಯವನು ರೈಲಿನುದ್ದಕ್ಕೂ ಅವನನ್ನು ಕಾಡಿದ.

ಪೋಖರಾ ಎಂಬ ಊರಿನ ಆಚೆ ರಸ್ತೆ ಮುಗಿದು ಕಾಲುದಾರಿ ಶುರುವಾಯಿತು. ಎರಡನೆಯ ದಿನ ಒಂದು ತೊರೆ ದಾಟಿದ ಕೂಡಲೇ ಕಲ್ಲಿನ ಮೆಟ್ಟಿಲುಗಳು ಕಂಡವು. ಎಷ್ಟು ಕತ್ತೆತ್ತಿದರೂ ತುದಿ ಕಾಣಲಿಲ್ಲ. ತೊಣ್ಣೂರಿನವನು ನಿಂತ. ಶೂ ಬಿಚ್ಚಿ, ಜೋಡಿಸಿ, ಮೇಲೊಂದು ಕಲ್ಲು ಇಟ್ಟು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮಲ್ಲಿ ಕಲ್ಲು ಕಡಿದು ಬೆಟ್ಟಕ್ಕೆ ಮೆಟ್ಟಿಲು ಕಟ್ಟಿದ್ದಾರೆಂದರೆ ಮೇಲೆ ದೇವರಿದ್ದಾನೆ ಎಂದೇ ಅರ್ಥ. ಮೆಟ್ಟಿಲು ಶುರುವಾದಲ್ಲಿ ಚಪ್ಪಲಿ ಬಿಟ್ಟು, ಇಳಿದು ಬಂದಾಗ ಮೆಟ್ಟಿಕೊಳ್ಳುವುದು. ದೇವರಿಲ್ಲದ ಬೆಟ್ಟಕ್ಕೆ ಯಾರು ಕಲ್ಲು ಹೊರುತ್ತಾರೆ?

ಮಧ್ಯಾಹ್ನ ಮೆಟ್ಟಿಲು ಮುಗಿದಲ್ಲಿ ಗುಡಿ ಇರಲಿಲ್ಲ, ಒಂದು ಹಳ್ಳಿ ಇತ್ತು. ಚಹಾದಂಗಡಿಯ ಹೆಂಗಸು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಇವು ಹಳ್ಳಿಯವರು ಹೇಸರಗತ್ತೆ ಹೊಡೆದುಕೊಂಡು ಓಡಾಡಲು ಹಾಕಿಕೊಂಡ ಮೆಟ್ಟಿಲು, ಮುಕ್ತಿನಾಥಕ್ಕೆ ಇನ್ನೂ ಐದಾರು ದಿನದ ನಡಿಗೆ, ನಡುವೆ ಬೆಟ್ಟದ ನೆತ್ತಿಯಲ್ಲಿ ದಾಟಬೇಕಾದ ಒಂದು ಕಣಿವೆ, ಅಲ್ಲಿ ಹಿಮ ಬಿದ್ದಿದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ನಮಗೆ ಹತ್ತಿರದ್ದೂ ತಿಳಿದಿರಲಿಲ್ಲ.

ಇಳಿದು ಹೋಗಿ ಶೂ ತರುತ್ತೇನೆ ಎಂದೆ. ಅವನು ಒಪ್ಪಲಿಲ್ಲ.

"ಬುಟ್ಟಾಯ್ತು ಕಣ್ಲಾ. ಬುಟ್ಟ್ ಮ್ಯಾಕೆ ದೇವ್ರು ನೋಡೋಗಂಟ ಮೆಟ್ಟಂಗಿಲ್ಲ."

ಅದು ದೇವರ ಮೆಟ್ಟಿಲೇ ಅಲ್ಲ, ಆದ್ದರಿಂದ ಬಿಟ್ಟದ್ದೂ ಲೆಕ್ಕಕ್ಕಿಲ್ಲ ಎಂದು ಬಿಂಡಿಗನವಿಲೆಯವನು ವಕೀಲನ ಹಾಗೆ ವಾದಿಸಿದ. ನಾನು ವಿಜ್ಞಾನ ಹೇಳಿದೆ. ತೊಣ್ಣೂರಿನವನು ಎದ್ದು ನಡೆಯತೊಡಗಿದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ಅವನ ಹಿಂದೆಯೇ ನಡೆದೆ.

ಮರುದಿನದ ಕಾಡಿನಲ್ಲಿ ಕೆಂಪು ಹೂ ಬಿಟ್ಟ ಮರಗಳಿದ್ದವು. ಬುಡದಲ್ಲಿ ಹಿಮ. ನಾನು ನೋಡಬೇಕೆಂದು ಬಂದದ್ದು ಅದನ್ನೇ, ಆದರೆ ನೋಡಿದ್ದೆಲ್ಲ ಅದರ ಮೇಲೆ ಬಿದ್ದ ಅವನ ಹೆಜ್ಜೆಯ ಗುರುತು. ಹಿಮ್ಮಡಿ ಒಡೆದ ಕಡೆ ಗುರುತು ಕೆಂಪಗಿರುತ್ತಿತ್ತು. ಕಣಿವೆಯ ಮೇಲಿನ ಛತ್ರ ಮುಟ್ಟುವ ಹೊತ್ತಿಗೆ ಅವನಿಗೆ ನೋವೇ ಇರಲಿಲ್ಲ. ಅದೇ ಕೆಟ್ಟದ್ದು ಎಂದು ಛತ್ರದವನು ಹೇಳಿದ. ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಬಿಂಡಿಗನವಿಲೆಯವನು ತನ್ನ ಕಂಬಳಿ ತೆಗೆದು ಆ ಕಾಲುಗಳಿಗೆ ಸುತ್ತಲು ಹೋದ. ಅದೂ ಮೆಟ್ಟಿಕೊಂಡ ಹಾಗೆಯೇ ಎಂದು ಇವನು ಕಾಲು ಎಳೆದುಕೊಂಡ. ನಮ್ಮ ತಮಾಷೆಗಾರನ ಮುಖದಲ್ಲಿ ತಮಾಷೆಯೇ ಇಲ್ಲದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. "ಕಂಬ್ಳೀಗೆ ಮೈಲ್ಗೆ ಇಲ್ಲ ಕಣ್ಲಾ," ಎಂದ, ಮೆಲ್ಲಗೆ. ಇದು ನಮ್ಮ ಕಡೆ ಯಾರೂ ಎದುರಾಡದ ಮಾತು. ಇವನು ಕಾಲು ಕೊಟ್ಟ.

ಬೆಳಿಗ್ಗೆ ಅವನಿಗೆ ನಿಲ್ಲಲಾಗಲಿಲ್ಲ. ಹೊರೆಯಾಳೊಬ್ಬ ಬೆನ್ನಿನ ಬುಟ್ಟಿಯಲ್ಲಿ ಅವನನ್ನು ಹೊರಲು ಒಪ್ಪಿದ, ಆದರೆ ಕೆಳಕ್ಕೆ ಮಾತ್ರ, ಆಸ್ಪತ್ರೆಯ ದಿಕ್ಕಿಗೆ. ನಾನು ಹೂಂ ಎಂದೆ. ತೊಣ್ಣೂರಿನವನು ನನ್ನ ತೋಳು ಹಿಡಿದುಕೊಂಡ.

"ನಾನಿಲ್ಲಿ ತಿರುಕ್ಕಂಡ್ರೆ ಅಲ್ಲಿ ಕೂಸು ಕುಂತ್ಬುಡ್ತದೆ ಕಣ್ಲಾ."

ಇದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರವಿತ್ತು. ಇಬ್ಬರೂ ಸೇರಿ ಅವನನ್ನು ಎತ್ತಿ ಬುಟ್ಟಿಯಲ್ಲಿ ಕೂರಿಸಿದೆವು. ಆ ಬುಟ್ಟಿಯಲ್ಲಿ ಕೂತವನ ಮುಖ ಹಿಂದಕ್ಕಿರುತ್ತದೆ, ಹೊರುವವನ ಬೆನ್ನಿಗೆ ಬೆನ್ನು. ಹಾಗಾಗಿ ಹಿಂದೆ ಬರುತ್ತಿದ್ದ ನನಗೆ ದಾರಿಯುದ್ದಕ್ಕೂ ಅವನ ಮುಖವೇ ಎದುರು. ಅವನು ಅಳುತ್ತಿದ್ದ, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಕೆಳಗಿನ ಮೆಟ್ಟಿಲ ಬಳಿ ಶೂ ಅವನಿಟ್ಟ ಹಾಗೆಯೇ ಇತ್ತು, ಕಲ್ಲೂ ಕದಲಿರಲಿಲ್ಲ. ಬಿಂಡಿಗನವಿಲೆಯವನು ಅದನ್ನೆತ್ತಿ ಯಾರೋ ಹಳ್ಳಿಯವನಿಗೆ ಕೊಟ್ಟುಬಿಟ್ಟ.

ಪೋಖರಾದ ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು. ವಾಪಸು ಬರುವ ರೈಲಿನಲ್ಲಿ ದೊಡ್ಡ ಸ್ಟೇಷನ್ನುಗಳು ಬಂದಾಗಲೆಲ್ಲ ಊರಿಗೆ ಫೋನು ಮಾಡೋಣವೇ ಎಂದು ನಾನು ಕೇಳಿದೆ. ಬೇಡ ಎಂದ. ಹುಷಾರಾಗಿದ್ದೇವೆ, ಇಂಥ ದಿನ ಬರುತ್ತೇವೆ ಎಂದಷ್ಟೇ ಬೆಂಗಳೂರಿನಿಂದ ನಾನೇ ಅವನ ಊರಿನ ಡೈರಿಗೆ ಸುದ್ದಿ ಮುಟ್ಟಿಸಿದೆ. ಮಗುವಿನ ವಿಷಯ ಕೇಳಬೇಕೆನಿಸಿತು, ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಆಗ ಯೋಚಿಸಲೂ ಇಲ್ಲ.

ಪಾಂಡವಪುರ ಸ್ಟೇಷನ್ನಿನಲ್ಲಿ ಅವನನ್ನು ಎರಡೂ ಕಡೆ ಹಿಡಿದು ಇಳಿಸಿದೆವು. ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ಅವನ ಹೆಂಡತಿ ನಿಂತಿದ್ದಳು. ಕೂಸು ಅವಳ ಸೊಂಟದ ಮೇಲಿತ್ತು. ನನ್ನ ಹೆಗಲ ಮೇಲಿದ್ದ ಅವನ ಕೈ ಕಲ್ಲಾಯಿತು. ಅವನು ಹೆಂಡತಿಯನ್ನು ಕೂಗಲಿಲ್ಲ, ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಅವಳು ಗಂಡನ ಕಾಲಿನ ಬ್ಯಾಂಡೇಜು ಕಂಡು, ಗಾಬರಿಯಿಂದ ಕೂಸನ್ನು ಕೆಳಗಿಳಿಸಿದಳು.

ಹರಕೆ, ಶಾಪ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಹೇಳಿ ಸಂಬಳ ತೆಗೆದುಕೊಂಡವನು ನಾನು. ಎಷ್ಟೋ ದಿನದ ಮೇಲೆ ಅಪ್ಪನನ್ನು ಕಂಡ ಮಗುವಿನ ಮುಖ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದು ಓಡಿ ಬಂದು ಅವನ ಮೊಣಕಾಲು ತಬ್ಬಿಕೊಳ್ಳುವವರೆಗೂ ನಾನು ಅದರ ಕಾಲುಗಳನ್ನೇ ನೋಡುತ್ತಿದ್ದೆ.